ಗೋಡೆಯ ಆಚೆಯಿಂದ ಹಿಡಿಯುವುದು: ಸೂಪರ್‌ಕಂಡಕ್ಟರ್ ತೇಲಾಟಕ್ಕೆ ಕಾರ್ಖಾನೆಯಲ್ಲಿ ಏನು ಕೆಲಸ?

(ಆಟೊಮೇಷನ್ ಎಂಜಿನಿಯರ್‌ಗಳು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಎಳೆದಾಡಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಮೇಜಿನ ಮೇಲೆ ಥರ್ಮಾಕೋಲ್ ಡಬ್ಬಿ ಇಟ್ಟ ಕೂಡಲೇ ಅರ್ಧ ಜನ ಮೊಬೈಲ್ ತೆಗೆದಿರಿ, ಅಲ್ಲಿಗೆ ವಿಷಯ ಏನು ಅಂತ ನಿಮಗೆಲ್ಲ ಗೊತ್ತಿದೆ ಅಂತಾಯಿತು. 2011ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದವರ ಒಂದು ವಿಡಿಯೋ ಭಾರಿ ಓಡಿತ್ತು. ಸೂಪರ್‌ಕಂಡಕ್ಟರ್‌ನ, ಅಂದರೆ ಬಹಳ ತಂಪು ಮಾಡಿದಾಗ ವಿದ್ಯುತ್ ರೋಧ ಮಾಯವಾಗುವ ವಸ್ತುವಿನ, ತೆಳ್ಳನೆಯ ಬಿಲ್ಲೆ, ಸುತ್ತ ಬಿಳಿ ಹೊಗೆ, ಆಯಸ್ಕಾಂತದ ಹಳಿಯ ಮೇಲೆ ಯಾವುದಕ್ಕೂ ತಾಗದೆ ಸುತ್ತು ಹಾಕುತ್ತದೆ, ಹಳಿಯನ್ನು ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಘರ್ಷಣೆಯೇ ಇಲ್ಲ, ಇನ್ನು ಬೇರಿಂಗ್, ಗ್ರೀಸ್, ಬೆಲ್ಟ್ ಎಲ್ಲ ಮೂಲೆಗೆ.

ಹಾಗೇನೂ ಆಗಲಿಲ್ಲ. ಆಗುವ ಲಕ್ಷಣವೂ ಇಲ್ಲ. ಘರ್ಷಣೆ ಕಡಿಮೆ ಮಾಡಲು ಇಷ್ಟೆಲ್ಲ ಚಳಿ ಹಿಡಿಸಿಕೊಂಡು ಒದ್ದಾಡಬೇಕಾಗಿಲ್ಲ, ಅದಕ್ಕೆ ಅಗ್ಗದ ದಾರಿಗಳು ಬೇಕಾದಷ್ಟಿವೆ. ಒಳ್ಳೆ ಬಾಲ್ ಬೇರಿಂಗ್ ಇದೆ, ಗಾಳಿಯ ಪದರದ ಮೇಲೆ ತೇಲಿಸುವ ಏರ್ ಬೇರಿಂಗ್ ಇದೆ, ಕಾಯಿಲ್‌ಗಳ ಮೇಲೆ ತೇಲಿಸುವ ಪ್ಲೇನಾರ್ ಮೋಟರ್ ಇದೆ. ಸೂಪರ್‌ಕಂಡಕ್ಟರ್‌ಗೆ ಮಾತ್ರ ಬರುವ ವಿದ್ಯೆ ಬೇರೆಯದು. ಒಂದು ವಸ್ತುವನ್ನು ಗೋಡೆಯ ಆಚೆಯಿಂದ, ಸೆನ್ಸರ್ ಇಲ್ಲದೆ, ಕಂಟ್ರೋಲರ್ ಇಲ್ಲದೆ, ಹಿಡಿದದ್ದನ್ನು ಹಿಡಿದಂತೆಯೇ ಇಟ್ಟುಕೊಳ್ಳುವುದು. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಮೇಜಿನ ಮೇಲಿನದು ನೋಡೋಣ. ಈ ಕಪ್ಪು ಬಿಲ್ಲೆ ಇಟ್ರಿಯಂ, ಬೇರಿಯಂ, ತಾಮ್ರ ಮತ್ತು ಆಮ್ಲಜನಕ ಸೇರಿದ ಪಿಂಗಾಣಿ ಜಾತಿಯ ವಸ್ತು, ಚುಟುಕಾಗಿ ವೈಬಿಸಿಒ ಅನ್ನುತ್ತಾರೆ. ಕೈಯಿಂದ ಜಾರಿದರೆ ಒಡೆಯುತ್ತದೆ, ಹಾಗಾಗಿ ಯಾರ ಕೈಗೂ ಕೊಡುವುದಿಲ್ಲ, ಕ್ಷಮಿಸಿ. ಇದರ ಮೇಲೆ ಒಂದು ಪ್ಲಾಸ್ಟಿಕ್ ಚೂರು, ಅದರ ಮೇಲೆ ಒಂದು ಗುಂಡು ನಿಯೋಡಿಮಿಯಂ ಆಯಸ್ಕಾಂತ. ಈಗ ಡಬ್ಬಿಗೆ ದ್ರವ ಸಾರಜನಕ ಸುರಿಯುತ್ತೇನೆ. ಮೊದಲು ಜೋರಾಗಿ ಕುದಿಯುತ್ತದೆ, ಬಿಲ್ಲೆ ಇನ್ನೂ ಬೆಚ್ಚಗಿದೆ ಅಂತ ಅರ್ಥ. ಕಾಯಿರಿ. ಕುದಿತ ಒಮ್ಮೆಗೇ ಜೋರಾಗಿ ಆಮೇಲೆ ತಣ್ಣಗಾಯಿತು, ನೋಡಿದಿರಾ? ಬಿಲ್ಲೆ ಈಗ 77 ಕೆಲ್ವಿನ್‌ಗೆ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ. ಚಿಮುಟದಿಂದ ಪ್ಲಾಸ್ಟಿಕ್ ಚೂರು ಎಳೆದು ತೆಗೆಯುತ್ತೇನೆ. ಆಯಸ್ಕಾಂತ ಇದ್ದಲ್ಲೇ ಇದೆ, ಕೆಳಗೆ ಏನೂ ಇಲ್ಲ. ಕಾಗದ ತೂರಿಸಿದರೆ ಈ ಕಡೆಯಿಂದ ಆ ಕಡೆ ಹೋಗುತ್ತದೆ.

ಈಗ ಬೆರಳಿಂದ ಪಕ್ಕಕ್ಕೆ ತಳ್ಳುತ್ತೇನೆ, ವಾಪಸ್ ಬರುತ್ತದೆ. ಕೆಳಗೆ ಒತ್ತಿದರೆ ಮೇಲೆ ಬರುತ್ತದೆ. ಬಹಳ ಜನ ಗಮನಿಸದೆ ಇರುವುದು ಮುಂದಿನದು: ಮೇಲಕ್ಕೆ ಎಳೆದರೂ ವಾಪಸ್ ಕೆಳಗೆ ಬರುತ್ತದೆ. ಅಂದರೆ ಇದು ಬರೀ ತಳ್ಳುತ್ತಿಲ್ಲ, ಹಿಡಿದುಕೊಂಡಿದೆ. ಬಿಲ್ಲೆಯನ್ನೇ ಎತ್ತಿ ತಿರುಗಿಸಿದರೆ ಆಯಸ್ಕಾಂತ ಅದರ ಕೆಳಗೆ ನೇತಾಡುತ್ತದೆ. ಕೊನೆಯದಾಗಿ, ಗುಂಡು ಆಯಸ್ಕಾಂತವನ್ನು ಬೆರಳ ತುದಿಯಲ್ಲಿ ತಿರುಗಿಸಿದರೆ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಗುಂಡನೆಯದರ ಬದಲು ಚೌಕದ ಆಯಸ್ಕಾಂತ ಇಟ್ಟು ಇದನ್ನೇ ಮಾಡಿದರೆ ತಿರುಗುವುದಿಲ್ಲ, ಒಂದಿಷ್ಟು ಅಲ್ಲಾಡಿ ನಿಂತುಬಿಡುತ್ತದೆ. ಈ ಗುಂಡು-ಚೌಕದ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಯಂತ್ರ ಕಟ್ಟುವವರಿಗೆ ಬೇಕಾದ ಅರ್ಧ ವಿಷಯ ಅದರಲ್ಲೇ ಇದೆ.

ಯಾಕೆ ಹೀಗೆ? ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ ತಂಪು ಮಾಡಿದಾಗ ಅದರ ವಿದ್ಯುತ್ ರೋಧ ಮಾಯವಾಯಿತು. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್, ಸೂಪರ್‌ಕಂಡಕ್ಟರ್ ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರಗೆ ಹಾಕುತ್ತದೆ ಅಂತ ಕಂಡುಕೊಂಡರು. 1986ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಬೆಡ್ನಾರ್ಜ್ ಮತ್ತು ಮುಲ್ಲರ್ ಪಿಂಗಾಣಿ ಜಾತಿಯ ವಸ್ತುವಿನಲ್ಲಿ ಸೂಪರ್‌ಕಂಡಕ್ಟಿವಿಟಿ ಕಂಡರು, ಮರುವರ್ಷವೇ ನೊಬೆಲ್ ಬಂತು. ಅದೇ 1987ರಲ್ಲಿ ವೈಬಿಸಿಒ ಬಂತು, 92 ಕೆಲ್ವಿನ್ ಆಸುಪಾಸಿನಲ್ಲೇ ಸೂಪರ್‌ಕಂಡಕ್ಟರ್ ಆಗುವ ವಸ್ತು. ದ್ರವ ಸಾರಜನಕದ 77ಕ್ಕಿಂತ ಇದು ಮೇಲಿದೆ. ಈ ಹದಿನೈದು ಡಿಗ್ರಿ ಅಂತರ ಇಲ್ಲದಿದ್ದರೆ ಇವತ್ತು ಈ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ನಾನು ಮಾತಾಡುತ್ತಿರಲಿಲ್ಲ.

ಮೈಸ್ನರ್ ಹೇಳಿದ್ದು ಹೊರಗೆ ತಳ್ಳುವ ಕಥೆ. ಆದರೆ ಈಗ ನೀವು ನೋಡಿದ್ದು ಹಿಡಿದುಕೊಳ್ಳುವ ಕಥೆ. ವೈಬಿಸಿಒ ಎರಡನೇ ಬಗೆಯ ಸೂಪರ್‌ಕಂಡಕ್ಟರ್. ಕ್ಷೇತ್ರ ಸ್ವಲ್ಪ ಜೋರಾದರೆ ಅದು ಪೂರ್ತಿ ತಡೆಯುವುದಿಲ್ಲ, ತೆಳ್ಳನೆಯ ಎಳೆಗಳಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿ ಎಳೆಯಲ್ಲೂ ಒಂದೇ ಅಳತೆಯ ಕಾಂತಪ್ರವಾಹ, ಕಾಂತಪ್ರವಾಹದ ಮಾನವಾದ ಒಂದು ವೆಬರ್ ಅನ್ನು ಸುಮಾರು 500 ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಈ ಎಳೆಗಳು ವಸ್ತುವಿನೊಳಗಿನ ಕೊರತೆಗಳಲ್ಲಿ, ಬೇರೆ ಜಾತಿಯ ಕಣಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಟ್ಟೆಗೆ ದಾರ ಹಾಕಿ ಹೊಲಿದ ಗುಂಡಿ ಹೇಗೋ ಹಾಗೆ: ಅತ್ತಿತ್ತ ಒಂದಿಷ್ಟು ಆಡುತ್ತದೆ, ಆದರೆ ಜಾಗ ಬಿಟ್ಟು ಹೋಗುವುದಿಲ್ಲ. ತಮಾಷೆ ಏನೆಂದರೆ ಬಿಲ್ಲೆ ಬೆಳೆಸುವವರು ಬೇಕೆಂದೇ ಅದರೊಳಗೆ ಬೇರೆ ಕಣಗಳನ್ನು ಬೆರೆಸುತ್ತಾರೆ. ಬಹಳ ಶುದ್ಧವಾದ ಹರಳು ಈ ಕೆಲಸಕ್ಕೆ ಬಾರದು.

ಅಂದಹಾಗೆ, ಬರೀ ಆಯಸ್ಕಾಂತಗಳನ್ನು ಜೋಡಿಸಿ ಹೀಗೆ ತೇಲಿಸಿ ನಿಲ್ಲಿಸಲಾಗದು. ಅದನ್ನು 1842ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಅರ್ನ್‌ಷಾ ಗಣಿತದಲ್ಲಿ ತೋರಿಸಿಟ್ಟರು. ಎಷ್ಟೇ ಜಾಣತನದಿಂದ ಜೋಡಿಸಿದರೂ ಒಂದಲ್ಲ ಒಂದು ದಿಕ್ಕಿಗೆ ಜಾರುತ್ತದೆ. ಅದಕ್ಕೇ ಮ್ಯಾಗ್ನೆಟಿಕ್ ಬೇರಿಂಗ್‌ಗಳಲ್ಲಿ ಸೆನ್ಸರ್, ಆಂಪ್ಲಿಫೈಯರ್, ಸೆಕೆಂಡಿಗೆ ಸಾವಿರಾರು ಸಲ ಲೆಕ್ಕ ಹಾಕಿ ಕರೆಂಟ್ ತಿದ್ದುವ ಕಂಟ್ರೋಲರ್ ಇಷ್ಟೆಲ್ಲ ಬೇಕು. ಬಿಲ್ಲೆಗೆ ಅದ್ಯಾವುದೂ ಬೇಡ. ತಂಪಾಗುವ ಹೊತ್ತಿಗೆ ಆಯಸ್ಕಾಂತ ಎಲ್ಲಿತ್ತೋ ಆ ಜಾಗವೇ ಅದರ ನೆನಪು. ಪ್ಲಾಸ್ಟಿಕ್ ಚೂರು 5 ಮಿಲಿಮೀಟರ್ ದಪ್ಪ ಇಟ್ಟರೆ 5, ಎಂಟು ಇಟ್ಟರೆ ಎಂಟರ ಹತ್ತಿರ. ಚೂರು ತೆಗೆದ ಮೇಲೆ ಆಯಸ್ಕಾಂತದ ತೂಕಕ್ಕೆ ಒಂದಿಷ್ಟು ಕುಸಿಯುತ್ತದೆ, ಅಷ್ಟೇ.

ಹಿಡಿದುಕೊಂಡರೆ ಸಾಕೇ, ಚಲಿಸಬೇಡವಾ? ಇಲ್ಲೇ ಗುಂಡು-ಚೌಕದ ಪಾಠ ಬರುತ್ತದೆ. ಬಿಲ್ಲೆ ವಿರೋಧಿಸುವುದು ಚಲನೆಯನ್ನಲ್ಲ, ತನ್ನೊಳಗಿನ ಕ್ಷೇತ್ರ ಬದಲಾಗುವುದನ್ನು. ಗುಂಡು ಆಯಸ್ಕಾಂತ ತನ್ನ ಅಕ್ಷದ ಮೇಲೆ ತಿರುಗಿದರೆ ಬಿಲ್ಲೆಯ ಕಣ್ಣಿಗೆ ಏನೂ ಬದಲಾಗಲಿಲ್ಲ, ಅದಕ್ಕೇ ಸರಾಗ. ಚೌಕದ್ದು ತಿರುಗಿದರೆ ಮೂಲೆಗಳು ಜಾಗ ಬದಲಿಸುತ್ತವೆ, ಬಿಲ್ಲೆ ಬಿಡುವುದಿಲ್ಲ. ಉದ್ದಕ್ಕೂ ಒಂದೇ ಥರ ಇರುವ ಆಯಸ್ಕಾಂತದ ಹಳಿ ಹಾಕಿದರೆ ಉದ್ದಕ್ಕೆ ಜಾರುತ್ತದೆ, ಅಡ್ಡಕ್ಕೆ ಅಲ್ಲಾಡುವುದಿಲ್ಲ. ಯಾವ ದಿಕ್ಕಿಗೆ ಸ್ವಾತಂತ್ರ್ಯ ಬೇಕೋ ಆ ದಿಕ್ಕಿನಲ್ಲಿ ಕ್ಷೇತ್ರವನ್ನು ಸಮ ಇಡಿ, ಯಾವ ದಿಕ್ಕಿಗೆ ಬೇಡವೋ ಅಲ್ಲಿ ಏರುಪೇರು ಮಾಡಿ. ಗೈಡ್ ರೈಲನ್ನು ನಾವು ಕಬ್ಬಿಣದಲ್ಲಿ ಕೆತ್ತುವ ಬದಲು ಕಾಂತಕ್ಷೇತ್ರದಲ್ಲಿ ಬರೆಯುತ್ತಿದ್ದೇವೆ. ವಿನ್ಯಾಸದ ಕೆಲಸ ಎಲ್ಲ ಇಷ್ಟೇ ನೋಡಿ, ಆದರೆ ಹಳಿಯ ಆಯಸ್ಕಾಂತಗಳ ಜೋಡಣೆಯಲ್ಲಿ ಸಣ್ಣ ಸಂದು ಉಳಿದರೂ ಅಲ್ಲಿ ದಾಟುವಾಗ ಒಂದಿಷ್ಟು ತಡೆ ತಾಗುತ್ತದೆ.

ಇದನ್ನೇ ದೊಡ್ಡದು ಮಾಡಿ ಗಾಡಿ ಓಡಿಸಿದವರೂ ಇದ್ದಾರೆ. ಚೀನಾದ ಚೆಂಗ್ಡುವಿನ ಸೌತ್‌ವೆಸ್ಟ್ ಜಿಯಾವೊಟಾಂಗ್ ವಿಶ್ವವಿದ್ಯಾಲಯದವರು 2000ನೇ ಇಸವಿಯ ಕೊನೆಯಲ್ಲಿ ಜನ ಕೂರುವ ಪ್ರಯೋಗದ ಗಾಡಿ ಮಾಡಿದರು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಸುಪ್ರಾಟ್ರಾನ್ಸ್ ಅಂತ 80 ಮೀಟರ್ ಹಳಿ ಇತ್ತು, ರಿಯೊ ಡಿ ಜನೈರೊದಲ್ಲಿ ಮ್ಯಾಗ್ಲೆವ್ ಕೋಬ್ರಾ ಅಂತ 200 ಮೀಟರ್‌ನದು. ಜಪಾನಿನ 603 ಕಿಲೋಮೀಟರ್ ವೇಗದ ರೈಲನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿರುವುದೂ ಸೂಪರ್‌ಕಂಡಕ್ಟರೇ, ಆದರೆ ಜೋರಾದ ಕಾಯಿಲ್ ಆಗಿ ಬಳಸುತ್ತಾರೆ, ಗಾಡಿ ವೇಗ ಹಿಡಿದ ಮೇಲಷ್ಟೇ ತೇಲುತ್ತದೆ. ನಮ್ಮದು ನಿಂತಲ್ಲೇ ತೇಲುತ್ತದೆ. ರೈಲಿನ ಮಾತು ಇಲ್ಲಿಗೆ ಸಾಕು, ಕಾರ್ಖಾನೆಗೆ ಬರೋಣ.

ಕಾರ್ಖಾನೆಯಲ್ಲಿ ವಸ್ತು ಸಾಗಿಸುವ ಯಾವ ಯಂತ್ರವನ್ನಾದರೂ ನೋಡಿ. ಮೋಟರ್ ಒಂದು ಕಡೆ, ವಸ್ತು ಇನ್ನೊಂದು ಕಡೆ, ನಡುವೆ ಶಾಫ್ಟೋ ಬೆಲ್ಟೋ ತೋಳೋ ಇರುತ್ತದೆ. ವಸ್ತು ನಿರ್ವಾತದ ಕೋಣೆಯಲ್ಲಿದ್ದರೆ, ಕ್ರಿಮಿರಹಿತ ಕೋಣೆಯಲ್ಲಿದ್ದರೆ, ಆಮ್ಲದ ಹಬೆಯಲ್ಲಿದ್ದರೆ ಆ ನಡುವಿನ ಭಾಗ ಗೋಡೆ ತೂರಿ ಹೋಗಬೇಕು. ತೂರಿದ ಕಡೆ ಸೀಲ್ ಬೇಕು. ಸೀಲ್ ಉಜ್ಜುತ್ತದೆ, ಪುಡಿ ಬಿಡುತ್ತದೆ, ಒಂದಲ್ಲ ಒಂದು ದಿನ ಸೋರುತ್ತದೆ. ಮೆಟಲ್ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯ ಲೋಹದ ಕೊಳವೆ, ಹಾಕಿದರೆ ಬಗ್ಗಿ ಬಗ್ಗಿ ಬಿರುಕು ಬಿಡುತ್ತದೆ. ನಿರ್ವಾತದಲ್ಲಿ ಸಾಮಾನ್ಯ ಗ್ರೀಸ್ ಆವಿಯಾಗಿ ಹೋಗಿ ಬೇಡದ ಕಡೆ ಕೂರುತ್ತದೆ. ಇಲ್ಲಿ ಕೂತಿರುವ ಮೇಂಟೆನೆನ್ಸ್ ಜನಕ್ಕೆ ನಾನು ಇದನ್ನು ವಿವರಿಸುವುದು ಬೇಡ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತಿದೆ.

ಆಯಸ್ಕಾಂತಕ್ಕೆ ಗೋಡೆ ಲೆಕ್ಕಕ್ಕಿಲ್ಲ, ಗಾಜು, ಪ್ಲಾಸ್ಟಿಕ್, ಕಾಂತಗುಣ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಎಲ್ಲದರಲ್ಲೂ ತೂರುತ್ತದೆ. ಇದನ್ನು ಬಳಸಿಕೊಳ್ಳುವ ಮ್ಯಾಗ್ನೆಟಿಕ್ ಸ್ಟರರ್ ಪ್ರತಿ ರಸಾಯನಶಾಸ್ತ್ರ ಲ್ಯಾಬಿನಲ್ಲೂ ಇದೆ, ಅಲ್ವಾ? ಕೆಳಗೆ ಒಂದು ಆಯಸ್ಕಾಂತ ತಿರುಗಿದರೆ ಬೀಕರಿನೊಳಗಿನ ಕಡ್ಡಿ ತಿರುಗುತ್ತದೆ. ಆದರೆ ಆ ಕಡ್ಡಿ ಬೀಕರಿನ ತಳಕ್ಕೆ ಉಜ್ಜುತ್ತಲೇ ತಿರುಗುತ್ತದೆ. ಅರ್ನ್‌ಷಾ ಅದನ್ನು ತೇಲಲು ಬಿಡುವುದಿಲ್ಲ! ಬಣ್ಣ ಕಲಸುವವರಿಗೆ ಇದು ಪರವಾಗಿಲ್ಲ. ಪ್ರೋಟೀನ್ ಔಷಧ ಕಲಸುವವರು ಪರವಾಗಿಲ್ಲ ಅನ್ನುವಂತಿಲ್ಲ: ಉಜ್ಜಿದ ಕಡೆ ಪುಡಿ ಏಳುತ್ತದೆ, ಪ್ರೋಟೀನ್ ಜಜ್ಜಿಹೋಗುತ್ತದೆ. ಅದಕ್ಕೇ ಲೆವ್‌ಟೆಕ್ ಅನ್ನುವ ಅಮೆರಿಕದ ಕಂಪನಿ ಒಂದು ಮಿಕ್ಸರ್ ತಂದಿತು, ಲೆವ್‌ಮಿಕ್ಸರ್ ಅಂತ. ಒಂದೇ ಸಲ ಬಳಸಿ ಬಿಸಾಡುವ, ಮೊದಲೇ ಕ್ರಿಮಿರಹಿತ ಮಾಡಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಯಸ್ಕಾಂತ ಕೂರಿಸಿದ ರೆಕ್ಕೆ. ಚೀಲದ ಹೊರಗೆ ತಂಪು ಮಾಡಿದ ಸೂಪರ್‌ಕಂಡಕ್ಟರ್ ಇರುವ ಡ್ರೈವ್. ರೆಕ್ಕೆ ಚೀಲದೊಳಗೆ ಎಲ್ಲಿಗೂ ತಾಗದೆ ತೇಲುತ್ತಾ ತಿರುಗುತ್ತದೆ. ಚೀಲಕ್ಕೆ ತೂತಿಲ್ಲ, ಸೀಲಿಲ್ಲ, ಬೇರಿಂಗಿಲ್ಲ.

ಈ ತಂತ್ರದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಕೊಡುವ ಉದಾಹರಣೆ ಇದೇ. ನೋಡಲು ರೋಮಾಂಚನ ಇಲ್ಲ, ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ. ಆದರೆ ಗೋಡೆ ಕಡ್ಡಾಯ, ಭಾರ ಕಡಿಮೆ, ಚಲನೆ ಗುಂಡಗೆ ತಿರುಗುವಂಥದ್ದು, ಸರಕು ದುಬಾರಿ. ನಾಲ್ಕೂ ಕೂಡಿಬಂದ ಜಾಗ.

ನೋಡಲು ರೋಮಾಂಚನ ಬೇಕಿದ್ದರೆ ಜರ್ಮನಿಯ ಫೆಸ್ಟೊ ಕಂಪನಿಯವರು ಮಾಡಿದ್ದನ್ನು ನೋಡಿ. ಅವರು 2010ರ ದಶಕದಲ್ಲಿ ಸುಪ್ರಾಮೋಷನ್ ಹೆಸರಿನಲ್ಲಿ ಹ್ಯಾನೋವರ್ ಕೈಗಾರಿಕಾ ಮೇಳದಲ್ಲಿ ಸಾಲುಸಾಲು ಮಾದರಿಗಳನ್ನು ಇಟ್ಟರು. ಸುಪ್ರಾಟ್ಯೂಬ್ ಅನ್ನುವುದರಲ್ಲಿ ದ್ರವ ತುಂಬಿ ಮುಚ್ಚಿದ ಗಾಜಿನ ಕೊಳವೆಯೊಳಗೆ ಆಯಸ್ಕಾಂತದ ಒಂದು ಬಿಲ್ಲೆ ಗಾಜಿಗೆ ತಾಗದೆ ತೇಲುತ್ತದೆ, ಹೊರಗಿನಿಂದಲೇ ಆಡಿಸುತ್ತಾರೆ. ಸುಪ್ರಾಜಂಕ್ಷನ್‌ನಲ್ಲಿ ತೇಲುವ ತಟ್ಟೆಯನ್ನು ಒಂದು ಸೂಪರ್‌ಕಂಡಕ್ಟರಿಂದ ಇನ್ನೊಂದು ಸೂಪರ್‌ಕಂಡಕ್ಟರ್ ಕೈಗೆ ದಾಟಿಸುತ್ತಾರೆ, ಬಾಗಿಲು ದಾಟಿ ಶುದ್ಧ ಕೋಣೆಯೊಳಗೆ ಸರಕು ಸಾಗಿಸಲು. ಗ್ರಿಪ್ಪರ್ ಮಾಡಿದರು, ತೇಲುವ ಬೆರಳುಗಳದ್ದು. ಇವೆಲ್ಲ ಹೀಗೂ ಆಗುತ್ತದೆ ಅಂತ ತೋರಿಸುವ ಯಂತ್ರಗಳು, ಆರ್ಡರ್ ಮಾಡಿ ತರಿಸಿಕೊಳ್ಳುವ ಸರಕು ಅಂದುಕೊಳ್ಳಬೇಡಿ. ನನಗೆ ಅವುಗಳಲ್ಲಿ ಇಷ್ಟವಾದದ್ದು ಒಂದು ಸಣ್ಣ ವಿಷಯ: ಬಕೆಟ್‌ನಲ್ಲಿ ಸಾರಜನಕ ಹೊತ್ತು ತರುವ ಗೋಜಿಲ್ಲ, ಕರೆಂಟಿನಲ್ಲಿ ಓಡುವ ಚಿಕ್ಕ ಕ್ರಯೋಕೂಲರ್, ಅಂದರೆ ಇಷ್ಟು ಕೆಳಗಿನ ತಾಪಮಾನಕ್ಕೆ ತಂಪು ಮಾಡುವ ಯಂತ್ರ, ಹಾಕಿದ್ದರು. ಕಾರ್ಖಾನೆಗೆ ಬರಬೇಕಾದರೆ ಅದೇ ದಾರಿ.

ಈಗ ಕಷ್ಟಗಳ ಮಾತು. ಇದಕ್ಕೆ ಜಾಸ್ತಿ ಸಮಯ ಕೊಡುತ್ತೇನೆ, ಯಾಕೆಂದರೆ ವಿಡಿಯೋಗಳಲ್ಲಿ ಇದು ಇರುವುದಿಲ್ಲ.

ಮೊದಲನೆಯದು ಎಷ್ಟು ಭಾರ ಹೊರುತ್ತದೆ ಅನ್ನುವುದು. ಬಿಲ್ಲೆಯ ಮೇಲ್ಮೈಯಲ್ಲಿ ಆಯಸ್ಕಾಂತದ ಕ್ಷೇತ್ರ 0.5 ಟೆಸ್ಲಾ ಇದ್ದರೆ ಅದರ ಒತ್ತಡ ಚದರ ಸೆಂಟಿಮೀಟರ್‌ಗೆ ಸುಮಾರು 10 ನ್ಯೂಟನ್, ಅಂದರೆ ಒಂದು ಕಿಲೋ ತೂಕದಷ್ಟು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕ್ಷೇತ್ರ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ದೂರ ಹೆಚ್ಚಿದಂತೆ ಕ್ಷೇತ್ರ ಬೇಗ ಬೇಗ ಇಳಿಯುತ್ತದೆ. ಈಗ ನಡುವೆ ಏನೇನಿದೆ ಲೆಕ್ಕ ಹಾಕಿ. ಬಿಲ್ಲೆ ತಂಪಾಗಿರಲು ಅದನ್ನು ನಿರ್ವಾತದ ಕ್ರಯೋಸ್ಟಾಟ್ ಪಾತ್ರೆಯಲ್ಲಿ ಇಡಬೇಕು, ಆ ಪಾತ್ರೆಯ ಗೋಡೆ, ಒಳಗಿನ ನಿರ್ವಾತದ ಸಂದು. ಆಮೇಲೆ ನಿಮ್ಮ ಕೋಣೆಯ ಗೋಡೆ. ಆಮೇಲೆ ಕಣ್ಣಿಗೆ ಕಾಣುವ ಖಾಲಿ ಜಾಗ. ಒಂದೊಂದು ಮಿಲಿಮೀಟರ್‌ಗೂ ದುಡ್ಡು ಕೊಡುತ್ತಿದ್ದೀರಿ. ಕ್ರಯೋಸ್ಟಾಟ್ ಮಾಡುವವರು ಮೇಲಿನ ಗೋಡೆಯನ್ನು ತೆಳ್ಳಗೆ ಮಾಡಲು ಪಡುವ ಪಾಡು ನೋಡಿದರೆ ಪಾಪ ಅನ್ನಿಸುತ್ತದೆ, ಒಂದು ಕಡೆ ವಾತಾವರಣದ ಒತ್ತಡ ಗೋಡೆಯನ್ನು ಒಳಗೆ ತಳ್ಳುತ್ತಿದೆ, ಇನ್ನೊಂದು ಕಡೆ ಬಿಲ್ಲೆಗೆ ತಾಗಿದರೆ ಶಾಖ ಒಳಗೆ ನುಗ್ಗುತ್ತದೆ.

ಎರಡನೆಯದು ಬಿಗಿತ. ಮೇಜಿನ ಮೇಲೆ ತಳ್ಳಿದಾಗ ವಾಪಸ್ ಬಂತು ಅಂತ ಖುಷಿಪಟ್ಟೆವು. ಅದು ಸ್ಪ್ರಿಂಗ್, ಅದೂ ಮೆತ್ತನೆಯ ಸ್ಪ್ರಿಂಗ್. ಉದಾಹರಣೆಗೆ ಬಿಗಿತ ಮಿಲಿಮೀಟರ್‌ಗೆ 10 ನ್ಯೂಟನ್, ಹೊತ್ತಿರುವ ಭಾರ ಒಂದು ಕಿಲೋ ಅಂದುಕೊಳ್ಳಿ. ಇನ್ನೊಂದು ಕಿಲೋ ಸೇರಿಸಿದರೆ ಒಂದು ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ಸಹಜ ಕಂಪನ ಸುಮಾರು 16 ಹರ್ಟ್ಜ್. ವಸ್ತುಗಳನ್ನು ಬೇಗ ಬೇಗ ಎತ್ತಿಡುವ ಪಿಕ್ ಆಂಡ್ ಪ್ಲೇಸ್ ಯಂತ್ರ ಓಡಿಸಿದವರಿಗೆ ಈ ಸಂಖ್ಯೆ ಕೇಳಿದರೇ ಹೊಟ್ಟೆ ತೊಳಸುತ್ತದೆ. ಜೋರಾಗಿ ಹೊರಟು ಗಕ್ಕನೆ ನಿಂತರೆ ವಸ್ತು ತೂಗಾಡುತ್ತಲೇ ಇರುತ್ತದೆ, ಏಕೆಂದರೆ ಎಲ್ಲಿಗೂ ತಾಗದಿರುವುದರಿಂದ ಆ ತೂಗಾಟವನ್ನು ತಡೆಯುವವರೂ ಯಾರೂ ಇಲ್ಲ. ಪಕ್ಕದಲ್ಲಿ ತಾಮ್ರದ ತಟ್ಟೆ ಇಟ್ಟರೆ ಅದರಲ್ಲಿ ಹುಟ್ಟುವ ಸುಳಿ ಪ್ರವಾಹ ಸ್ವಲ್ಪ ತಣಿಸುತ್ತದೆ. ವೇಗ ಏರಿಸುವುದು, ಇಳಿಸುವುದು ನಯವಾಗಿದ್ದರೆ ಇನ್ನೂ ಒಳ್ಳೆಯದು. ಆದರೆ ಮೈಕ್ರಾನ್ ಲೆಕ್ಕದಲ್ಲಿ ನಿಖರತೆ ಬೇಕು, ನಿಮಿಷಕ್ಕೆ ನೂರಾರು ಸಲ ಎತ್ತಿಡಬೇಕು ಅನ್ನುವವರು ದಯವಿಟ್ಟು ಬೇರೆ ಅಂಗಡಿ ನೋಡಿಕೊಳ್ಳಿ.

ಮೂರನೆಯದನ್ನು ಜನ ಮರೆಯುತ್ತಾರೆ. ಬಿಲ್ಲೆಗೆ ನೆನಪಿದೆ ಅಂದೆನಲ್ಲ, ಆ ನೆನಪು ಕಲ್ಲಿನಲ್ಲಿ ಕೊರೆದದ್ದಲ್ಲ. ಭಾರಿ ತೂಕ ಹೇರಿ ಇಳಿಸಿದರೆ ಒಳಗಿನ ಎಳೆಗಳು ಕೆಲವು ಹಳೆ ಜಾಗ ಬಿಟ್ಟು ಹೊಸ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ, ಆಯಸ್ಕಾಂತ ಮೊದಲಿನ ಎತ್ತರಕ್ಕೆ ಪೂರ್ತಿ ಬರುವುದಿಲ್ಲ. ಸುಮ್ನೆ ಬಿಟ್ಟರೂ ಎಳೆಗಳು ನಿಧಾನಕ್ಕೆ ತೆವಳುತ್ತವೆ, ಮೊದಲ ಕೆಲವು ನಿಮಿಷ ಬೇಗ, ಆಮೇಲೆ ಬಹಳ ನಿಧಾನ. ಇದಕ್ಕೆ ಎರಡು ಉಪಾಯ ಇವೆ, ಎರಡೂ ಸುಲಭ. ಕೆಲಸಕ್ಕೆ ಇಳಿಸುವ ಮೊದಲೇ, ಮುಂದೆ ಬರಬಹುದಾದ ಅತಿ ಹೆಚ್ಚು ತೂಕಕ್ಕಿಂತ ತುಸು ಜಾಸ್ತಿ ಹೇರಿ ತೆಗೆಯಿರಿ. ಅಲ್ಲಾಡುವ ಎಳೆಗಳೆಲ್ಲ ಆಗಲೇ ಅಲ್ಲಾಡಿ ಕೂರುತ್ತವೆ. ಇನ್ನೊಂದು, ಜಾಗ ಗೊತ್ತು ಮಾಡಿದ ಮೇಲೆ ಬಿಲ್ಲೆಯನ್ನು ಇನ್ನೂ ಕೆಲವು ಕೆಲ್ವಿನ್ ಕೆಳಗಿಳಿಸಿ. ತೆವಳುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ದ್ರವ ಸಾರಜನಕದ ಡಬ್ಬಿಯಲ್ಲಿ ಇದು ಕಷ್ಟ, ಕ್ರಯೋಕೂಲರ್‌ನಲ್ಲಿ ಸೆಟ್‌ಪಾಯಿಂಟ್, ಅಂದರೆ ಬೇಕಾದ ತಾಪಮಾನದ ಸೆಟ್ಟಿಂಗ್, ಬದಲಿಸಿದರೆ ಆಯಿತು.

ಚಳಿಯ ಖರ್ಚು ನೀವೆಲ್ಲ ಅಂದುಕೊಂಡಷ್ಟು ಭಯಂಕರ ಅಲ್ಲ. 77 ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಶಾಖ ಹೊರಹಾಕಲು ಸಿದ್ಧಾಂತದ ಪ್ರಕಾರ 3 ವ್ಯಾಟ್ ಸಾಕು, ನಿಜವಾದ ಚಿಕ್ಕ ಕೂಲರ್‌ಗಳಿಗೆ 10ರಿಂದ 20 ವ್ಯಾಟ್ ಬೇಕು. ಚೆನ್ನಾಗಿ ಕಟ್ಟಿದ ಸಣ್ಣ ಕ್ರಯೋಸ್ಟಾಟ್‌ಗೆ ಒಳನುಗ್ಗುವ ಶಾಖ ಕೆಲವೇ ವ್ಯಾಟ್. ಒಟ್ಟು ಸೇರಿಸಿದರೆ ಒಂದು ಫ್ಯಾನಿನಷ್ಟು ಕರೆಂಟ್. ತೇಲಿಸಲು ಬೇರೆ ಕರೆಂಟ್ ಬೇಡ, ಅದು ಬಿಟ್ಟಿ. ನಿಜವಾದ ಖರ್ಚು ಕೂಲರ್ ಕೊಳ್ಳುವುದರಲ್ಲಿ, ಬಿಲ್ಲೆ ಕೊಳ್ಳುವುದರಲ್ಲಿ ಇದೆ. ಬಿಲ್ಲೆಯನ್ನು ಬೀಜದ ಹರಳಿಟ್ಟು, ಕರಗಿಸಿ, ದಿನಗಟ್ಟಲೆ ನಿಧಾನಕ್ಕೆ ತಣಿಸಿ ಬೆಳೆಸಬೇಕು. ಅವಸರ ಮಾಡಿದರೆ ಒಂದೇ ಹರಳಾಗುವುದಿಲ್ಲ, ಹಿಡಿತವೂ ಇರುವುದಿಲ್ಲ.

ಹಾಗಾದರೆ ಪ್ಲೇನಾರ್ ಮೋಟರ್ ಇರುವಾಗ ಇದು ಯಾಕೆ? ಬೆಕ್‌ಹಾಫ್ ಕಂಪನಿಯ ಎಕ್ಸ್‌ಪ್ಲೇನಾರ್, ಬಿ ಆಂಡ್ ಆರ್ ಕಂಪನಿಯ ಅಕೊಪೋಸ್ 6ಡಿ ನೋಡಿರಬಹುದು. ಕೆಳಗೆ ಕಾಯಿಲ್ ತುಂಬಿದ ಟೈಲ್, ಮೇಲೆ ಆಯಸ್ಕಾಂತದ ತಟ್ಟೆಗಳು ತೇಲಿ ಬೇಕಾದ ಕಡೆ ಓಡುತ್ತವೆ. ಬಹಳ ಕಡೆ ಗೆಲ್ಲುವುದು ಅದೇ, ಅದರಲ್ಲಿ ನನಗೇನೂ ಮುಜುಗರವಿಲ್ಲ. ಜಾಗ ಬೇಕಾದಂತೆ ಬದಲಿಸಬಹುದು, ವೇಗ ಇದೆ, ಚಳಿ ಬೇಡ, ಟೈಲ್ ಮೇಲೆ ತೆಳು ಸ್ಟೀಲ್ ಹಾಳೆಯನ್ನೋ ಗಾಜನ್ನೋ ಹಾಸಿದರೂ ಕೆಲಸ ಮಾಡುತ್ತದೆ. ಆದರೆ ತೇಲಿರುವಷ್ಟು ಹೊತ್ತೂ ಕಾಯಿಲ್‌ಗೆ ಕರೆಂಟ್ ಹೋಗುತ್ತಿರಬೇಕು, ಆ ಶಾಖ ಎಲ್ಲಿಗಾದರೂ ಹೋಗಬೇಕು, ಕರೆಂಟ್ ಹೋದ ಕ್ಷಣ ತಟ್ಟೆ ಟೈಲ್ ಮೇಲೆ ಕೂರುತ್ತದೆ. ಸಾಮಾನ್ಯವಾಗಿ ಅದು ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ನೇತಾಡಿಸುವುದಿಲ್ಲ. ಹಾಗಾಗಿ ನನ್ನ ಅಳತೆಗೋಲು ಹೀಗಿದೆ. ಗೋಡೆ ದಪ್ಪವಾ? ವಸ್ತು ಪಕ್ಕಕ್ಕೋ ತಲೆಕೆಳಗೋ ನೇತಾಡಬೇಕಾ? ಹತ್ತಿರ ಶಾಖವಾಗಲಿ, ಬದಲಾಗುವ ಕಾಂತಕ್ಷೇತ್ರವಾಗಲಿ ಇರಬಾರದಾ? ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಸುಮ್ಮನೆ ಹಿಡಿದಿರಬೇಕಾ? ಇವುಗಳಲ್ಲಿ ಒಂದೆರಡಕ್ಕಾದರೂ ಹೌದು ಅನ್ನುವವರೆಗೆ ಸೂಪರ್‌ಕಂಡಕ್ಟರ್ ಮಾತೇ ಎತ್ತಬೇಡಿ.

ಇನ್ನು ಪ್ರಶ್ನೆಗಳು.

ಕರೆಂಟ್ ಹೋದರೆ ತೇಲುತ್ತಿರುವುದು ಬೀಳುತ್ತದಾ?

ತಕ್ಷಣ ಬೀಳುವುದಿಲ್ಲ. ಕೂಲರ್ ನಿಂತರೂ ಒಳಗಿನ ಲೋಹ ತಂಪಾಗಿಯೇ ಇರುತ್ತದೆ. ಒಂದು ಒರಟು ಲೆಕ್ಕ ಹೇಳುತ್ತೇನೆ. ಬಿಲ್ಲೆಗೆ ಅಂಟಿದ ತಾಮ್ರ ಅರ್ಧ ಕಿಲೋ, ಒಳನುಗ್ಗುವ ಶಾಖ 5 ವ್ಯಾಟ್. ಆ ತಾಪಮಾನದಲ್ಲಿ ಅಷ್ಟು ತಾಮ್ರ ಒಂದು ಕೆಲ್ವಿನ್ ಏರಲು ಸುಮಾರು 20 ಸೆಕೆಂಡ್ ಬೇಕು. 70ರಿಂದ 85ಕ್ಕೆ ಹೋಗಲು 5 ನಿಮಿಷ. ಅಷ್ಟರಲ್ಲಿ ಯಂತ್ರವನ್ನು ಸುರಕ್ಷಿತ ಜಾಗಕ್ಕೆ ತಂದು ನಿಲ್ಲಿಸಬಹುದು. ಕೂಲರ್ ಬದಲು ಒಂದು ಲೀಟರ್ ದ್ರವ ಸಾರಜನಕ ಇದ್ದರೆ ಅದೇ 5 ವ್ಯಾಟ್‌ಗೆ ಸುಮಾರು 9 ಗಂಟೆ ಬರುತ್ತದೆ. ಆದರೆ 92 ಹತ್ತಿರ ಬಂದಂತೆ ಹಿಡಿತ ಸಡಿಲವಾಗುತ್ತದೆ, ಭಾರ ಹೊತ್ತಿದ್ದರೆ ಅದಕ್ಕಿಂತ ಮೊದಲೇ ಬೀಳುತ್ತದೆ. ಕೆಳಗೊಂದು ಆಸರೆ ಇಡುವುದನ್ನು ಮರೆಯಬೇಡಿ.

ಬೇಕೆಂದೇ ಬಿಡಿಸುವುದು ಹೇಗೆ?

ಬಿಸಿ ಮಾಡಿದರೆ ಬಿಡುತ್ತದೆ, ಮತ್ತೆ ತಂಪು ಮಾಡಿದರೆ ಹೊಸ ಜಾಗದಲ್ಲಿ ಹಿಡಿಯುತ್ತದೆ. ಆದರೆ ಅದಕ್ಕೆ ನಿಮಿಷಗಳು ಬೇಕು, ಸೈಕಲ್ ಟೈಮ್, ಅಂದರೆ ಯಂತ್ರದ ಒಂದು ಸುತ್ತಿನ ಕೆಲಸಕ್ಕೆ ಸಿಗುವ ಸಮಯದ ಲೆಕ್ಕದಲ್ಲಿ ಅದು ಆಗದ ಮಾತು. ಜೋರಾಗಿ ಎಳೆದು ಬಿಡಿಸಬಹುದು, ಇಲ್ಲವೇ ಇನ್ನೊಂದು ಬಿಲ್ಲೆ ಹತ್ತಿರ ತಂದು ದಾಟಿಸಬಹುದು. ಬಹಳ ವಿನ್ಯಾಸಗಳಲ್ಲಿ ಬಿಡಿಸುವುದೇ ಇಲ್ಲ. ತಟ್ಟೆ ಯಾವಾಗಲೂ ತೇಲಿಕೊಂಡೇ ಇರುತ್ತದೆ, ಸರಕನ್ನು ಮಾತ್ರ ಮೇಲೆ ಇಟ್ಟು ತೆಗೆಯುತ್ತಾರೆ.

ಸಾರಜನಕ ಅಪಾಯವಲ್ಲವೇ?

ಚಳಿಗಿಂತ ಉಸಿರು ದೊಡ್ಡ ಅಪಾಯ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಸಣ್ಣ ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕದ ಪ್ರಮಾಣವನ್ನು ಇಳಿಸುತ್ತದೆ, ವಾಸನೆ ಇಲ್ಲ, ಗೊತ್ತಾಗುವುದೇ ಇಲ್ಲ. ಬಿಗಿ ಮುಚ್ಚಳದ ಬಾಟಲಿಯಲ್ಲಿ ತುಂಬಿದರೆ ಸಿಡಿಯುತ್ತದೆ. ಅದಕ್ಕೇ ಇವತ್ತು ಕಿಟಕಿ ತೆಗೆಸಿದ್ದು. ಮೇಜಿನ ಪ್ರಯೋಗಕ್ಕೆ ಸಾರಜನಕ, ಯಂತ್ರಕ್ಕೆ ಕ್ರಯೋಕೂಲರ್, ಇದು ನನ್ನ ಅಭಿಪ್ರಾಯ.

ಕೋಣೆಯ ತಾಪಮಾನದಲ್ಲೇ ಕೆಲಸ ಮಾಡುವ ಸೂಪರ್‌ಕಂಡಕ್ಟರ್ ಬಂದರೆ ಈ ಕಷ್ಟವೆಲ್ಲ ಮುಗಿಯಿತಲ್ಲವೇ?

2023ರಲ್ಲಿ ಎಲ್‌ಕೆ-99 ಅನ್ನುವ ವಸ್ತು ಕೋಣೆಯ ತಾಪಮಾನದಲ್ಲೇ ಸೂಪರ್‌ಕಂಡಕ್ಟರ್ ಅಂತ ಎದ್ದ ಗಲಾಟೆ ನೆನಪಿರಬೇಕು. ಅರ್ಧ ಎದ್ದು ನಿಂತ ಚೂರಿನ ವಿಡಿಯೋ ಬಂತು, ಕೆಲವೇ ವಾರಗಳಲ್ಲಿ ಬೇರೆ ಪ್ರಯೋಗಾಲಯದವರು ಅದು ಸೂಪರ್‌ಕಂಡಕ್ಟರ್ ಅಲ್ಲ ಅಂದರು. ರೋಧ ಕುಸಿದಂತೆ ಕಂಡದ್ದು ಒಳಗೆ ಸೇರಿದ್ದ ತಾಮ್ರದ ಸಲ್ಫೈಡ್‌ನಿಂದ, ಎದ್ದು ನಿಂತದ್ದು ಸಾಮಾನ್ಯ ಕಾಂತಗುಣದಿಂದ. ಅದು ಹೋಗಲಿ, ನಾಳೆ ನಿಜವಾದದ್ದೇ ಬಂದರೂ ನಮ್ಮ ಕೆಲಸಕ್ಕೆ ರೋಧ ಇಲ್ಲದಿರುವುದಷ್ಟೇ ಸಾಲದು. ಎಳೆಗಳನ್ನು ಬಿಗಿಯಾಗಿ ಹಿಡಿಯಬೇಕು. ತಾಪಮಾನ ಏರಿದಷ್ಟೂ ಎಳೆಗಳ ಕುಣಿತ ಜಾಸ್ತಿ, ಹಿಡಿಯುವುದು ಕಷ್ಟ. 77ರಲ್ಲಿರುವ ಬಿಲ್ಲೆಗಿಂತ 30 ಕೆಲ್ವಿನ್ ಹತ್ತಿರ ಇರುವ ಅದೇ ಬಿಲ್ಲೆ ಎಷ್ಟು ಗಟ್ಟಿ ಅಂದರೆ, 2003ರಲ್ಲಿ ಜಪಾನಿನಲ್ಲಿ 29 ಕೆಲ್ವಿನ್‌ನಲ್ಲಿ 17 ಟೆಸ್ಲಾಗಿಂತ ಹೆಚ್ಚು ಕ್ಷೇತ್ರವನ್ನು ಒಳಗೆ ಹಿಡಿದಿಟ್ಟು ತೋರಿಸಿದ್ದಾರೆ. 77ರಲ್ಲಿ ಅದರ ಹತ್ತಿರವೂ ಹೋಗಲಾಗದು.

ಮನೆಯಲ್ಲೋ ಕಾಲೇಜಿನಲ್ಲೋ ಮಾಡಿ ನೋಡಲು ಏನು ಬೇಕು?

ಸಣ್ಣ ವೈಬಿಸಿಒ ಬಿಲ್ಲೆ ಕಿಟ್‌ಗಳು ಸಿಗುತ್ತವೆ. ಕೊಳ್ಳುವಾಗ ಕರಗಿಸಿ ಬೆಳೆಸಿದ ಬಿಲ್ಲೆ ಕೇಳಿ, ಸುಮ್ನೆ ಪುಡಿ ಒತ್ತಿ ಸುಟ್ಟದ್ದು ಆಯಸ್ಕಾಂತವನ್ನು ಸ್ವಲ್ಪ ಎತ್ತುತ್ತದೆ ಅಷ್ಟೇ, ತಲೆಕೆಳಗು ಮಾಡಿದರೆ ಬಿಟ್ಟುಬಿಡುತ್ತದೆ. ಲೋಹದ ಚಿಮುಟ ಬೇಡ, ಆಯಸ್ಕಾಂತ ಅದಕ್ಕೇ ಹಾರಿ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್‌ನದು ತಗೊಳ್ಳಿ. ಸಾರಜನಕವನ್ನು ಕಾಲೇಜಿನ ಲ್ಯಾಬಿನವರ ಜೊತೆಯಲ್ಲೇ ಬಳಸಿ. ಪ್ರಯೋಗ ಮುಗಿದ ಮೇಲೆ ಬಿಲ್ಲೆಯ ಮೇಲೆ ಹಿಮ ಕಟ್ಟಿ ಆಮೇಲೆ ನೀರಾಗುತ್ತದೆ, ವೈಬಿಸಿಒಗೆ ತೇವ ಆಗದು, ನಿಧಾನಕ್ಕೆ ಹಾಳಾಗುತ್ತದೆ. ಹೇರ್ ಡ್ರೈಯರ್‌ನ ಬೆಚ್ಚಗಿನ ಗಾಳಿ ದೂರದಿಂದ ಹಾಯಿಸಿ ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಿ.